ವಾದ ಸಾಕಾಯಿತು, ಮುಂದೇನು?

ಇತ್ತೀಚೆಗೆ ನಮ್ಮ ಯುವಕರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿ ಬರುತ್ತಿದೆ. “ರಾಜಕೀಯದ ಸಹವಾಸವೇ ಬೇಡ, ಸಾಕಾಗಿ ಹೋಗಿದೆ” ಎನ್ನುತ್ತಾರೆ. ಸ್ವಲ್ಪ ಓದಿಕೊಂಡವರಾದರೆ ಅದರ ಜೊತೆಗೆ ಇನ್ನೊಂದನ್ನೂ ಸೇರಿಸುತ್ತಾರೆ. “ತತ್ವಶಾಸ್ತ್ರದ ಪುಸ್ತಕಗಳನ್ನು ಓದಿ ಓದಿ ತಲೆ ಬಿಸಿಯಾಯಿತೇ ಹೊರತು ಒಂದು ಪ್ರಶ್ನೆಯೂ ಇತ್ಯರ್ಥವಾಗಲಿಲ್ಲ” ಎನ್ನುತ್ತಾರೆ. ಹಿಂದೆ ಇದೇ ಯುವಕರು ಚರ್ಚೆಗೆ ಕುಳಿತರೆ ಊಟ ನಿದ್ದೆ ಮರೆಯುತ್ತಿದ್ದರು. ಈಗ ವಿಷಯ ಎತ್ತಿದರೆ ಎದ್ದು ಹೋಗುತ್ತಾರೆ.

ಈ ಬೇಸರ ಎಲ್ಲಿಂದ ಬಂತೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಉತ್ತರಕ್ಕೆ ಬಳ್ಳಾರಿ ರಸ್ತೆಯ ಮೇಲಿರುವ ಬ್ಯಾಟರಾಯನಪುರವನ್ನೇ ನೋಡಿ. ಅದಕ್ಕೆ ಅದರದೇ ನಗರಸಭೆ ಇತ್ತು. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆಯಲು 2010ರ ವರೆಗೆ ಕಾಯಬೇಕಾಯಿತು. 2015ರಲ್ಲಿ ಮತ್ತೊಂದು ಚುನಾವಣೆ ನಡೆಯಿತು. ಆಗ ಆರಿಸಿ ಬಂದವರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವಾರ್ಡುಗಳನ್ನು 198ರಿಂದ 243ಕ್ಕೆ ಏರಿಸಿದರು, ಮತ್ತೆ 225ಕ್ಕೆ ಇಳಿಸಿದರು, ನ್ಯಾಯಾಲಯಕ್ಕೆ ಅಲೆದಾಡಿದರು. ಐದು ವರ್ಷಗಳು ಚುನಾಯಿತ ಸದಸ್ಯರಿಲ್ಲದೆಯೇ ಕಳೆದವು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದು ಹೋಳಾಗಿ, ಬ್ಯಾಟರಾಯನಪುರ ಉತ್ತರ ಪಾಲಿಕೆಯ ಪಾಲಿಗೆ ಬಂತು. ಬೀದಿದೀಪ ಆರಿದರೆ, ಚರಂಡಿ ಕಟ್ಟಿದರೆ ಯಾರನ್ನು ಕೇಳಬೇಕೆಂದು ತಿಳಿಯದೆ ಜನ ಇಷ್ಟು ಕಾಲ ಕಳೆದರು. ನಡುವೆ 2019ರಲ್ಲಿ ರಾಜ್ಯದ 17 ಮಂದಿ ಶಾಸಕರು ಅನರ್ಹಗೊಂಡು, ಅವರಲ್ಲಿ ಹಲವರು ಇನ್ನೊಂದು ಪಕ್ಷದಿಂದ ಗೆದ್ದು ಅದೇ ಸದನಕ್ಕೆ ಮರಳಿದ್ದನ್ನೂ ಕಂಡರು. ಇಷ್ಟೆಲ್ಲ ಕಂಡ ಮೇಲೂ ಇಶಾ ನಮಾಝ್ ಮುಗಿಸಿ ಚಹಾದಂಗಡಿಯ ಮುಂದೆ ನಿಂತು ರಾಜಕೀಯದ ಬಗ್ಗೆ ಉತ್ಸಾಹದಿಂದ ಮಾತನಾಡುವವನಿದ್ದರೆ ಅವನ ತಾಳ್ಮೆಯನ್ನು ಮೆಚ್ಚಬೇಕು.

ಆದ್ದರಿಂದ ಪ್ರಿಯ ಓದುಗರೇ, ನಿಮ್ಮ ಮಗನೋ ತಮ್ಮನೋ ಹೀಗೆ ಬೇಸತ್ತು ಕುಳಿತಿದ್ದರೆ ಅವನನ್ನು ಗದರಬೇಡಿ. ಬೇಸರವೇ ಪಾಪವಲ್ಲ. ಪ್ರಯೋಜನಕ್ಕೆ ಬಾರದ ಜ್ಞಾನದಿಂದ ಪ್ರವಾದಿವರ್ಯರು(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಸತ್ಯ ತನ್ನ ಕಡೆಯೇ ಇದ್ದರೂ ಜಗಳದ ವಾದವನ್ನು ಬಿಟ್ಟು ಕೊಡುವವನಿಗೆ ಸ್ವರ್ಗದಲ್ಲಿ ಮನೆಯ ಸುವಾರ್ತೆ ನೀಡಿದ್ದಾರೆ. ಹೀಗಿರುವಾಗ, ವಾದದ ರುಚಿ ಕಳೆದು ಹೋಗುವುದು ಕೆಲವೊಮ್ಮೆ ಅಲ್ಲಾಹನ ಅನುಗ್ರಹವೂ ಆಗಿರಬಹುದು. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿಂದ ಎದ್ದವನು ಎತ್ತ ಹೊರಟಿದ್ದಾನೆ?

ಈ ಪ್ರಶ್ನೆಯನ್ನು ತನ್ನ ಮೇಲೆಯೇ ಹಾಕಿಕೊಂಡು, ಅದರ ಉತ್ತರಕ್ಕಾಗಿ ದೊಡ್ಡ ಬೆಲೆ ತೆತ್ತ ಒಬ್ಬರ ಕಥೆ ನಮ್ಮ ಇತಿಹಾಸದಲ್ಲಿದೆ. ಅವರು ಇಮಾಮ್ ಗಝ್ಝಾಲಿ(ರ). ಅವರ ಹೆಸರು ಕೇಳದ ಮನೆ ನಮ್ಮಲ್ಲಿ ವಿರಳ. ಆದರೆ ಅವರನ್ನು ಹುಟ್ಟಿನಿಂದಲೇ ಜಪಮಾಲೆ ಹಿಡಿದು ಕುಳಿತ ಸೂಫಿಯೆಂದು ಭಾವಿಸಿದವರೇ ಹೆಚ್ಚು. ವಾಸ್ತವದಲ್ಲಿ ಅವರು ತಮ್ಮ ಕಾಲದ ತತ್ವಶಾಸ್ತ್ರವನ್ನೂ ರಾಜಕೀಯವನ್ನೂ ತೀರಾ ಹತ್ತಿರದಿಂದ ಕಂಡವರು.

1058ರಲ್ಲಿ ಇರಾನಿನ ತೂಸ್‌ನಲ್ಲಿ ಜನಿಸಿದ ಅವರು ಎಳೆಯ ವಯಸ್ಸಿನಲ್ಲೇ ಪ್ರಸಿದ್ಧರಾದರು. ಸಲ್ಜೂಕ್ ಸಾಮ್ರಾಜ್ಯದ ಮಹಾಮಂತ್ರಿ ನಿಝಾಮುಲ್ ಮುಲ್ಕ್ 1091ರಲ್ಲಿ ಅವರನ್ನು ಬಗ್ದಾದಿನ ನಿಝಾಮಿಯ್ಯಾ ಮದ್ರಸಕ್ಕೆ ಮುಖ್ಯ ಅಧ್ಯಾಪಕರಾಗಿ ಕಳುಹಿಸಿದನು. ಆಗ ಅವರಿಗೆ ಮೂವತ್ತಮೂರರ ಹರೆಯ. ಮುನ್ನೂರು ವಿದ್ಯಾರ್ಥಿಗಳು ಅವರ ಮುಂದೆ ಕುಳಿತು ಕಲಿಯುತ್ತಿದ್ದರು. ಪಾಠದ ನಡುವೆ ಸಿಕ್ಕ ಬಿಡುವಿನಲ್ಲಿ, ಯಾವ ಗುರುವಿನ ನೆರವೂ ಇಲ್ಲದೆ, ಎರಡು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಅವರು ತತ್ವಶಾಸ್ತ್ರವನ್ನು ಓದಿ ಮುಗಿಸಿದರು. ಇನ್ನೊಂದು ವರ್ಷವನ್ನು ಓದಿದ್ದನ್ನು ತಿರುವಿ ಹಾಕುತ್ತಾ ಕಳೆದರು. ಮೊದಲು ಆ ಶಾಸ್ತ್ರದಲ್ಲಿ ಏನಿದೆಯೆಂದು ಪ್ರಾಮಾಣಿಕವಾಗಿ ಬರೆದಿಟ್ಟರು. ಆ ಪುಸ್ತಕ ಎಷ್ಟು ಚೊಕ್ಕವಾಗಿತ್ತೆಂದರೆ, ಮುಂದೆ ಲ್ಯಾಟಿನ್ ಅನುವಾದದಲ್ಲಿ ಅದನ್ನು ಓದಿದ ಯುರೋಪಿನವರು ಗಝ್ಝಾಲಿಯವರನ್ನೇ ತತ್ವಜ್ಞಾನಿಗಳ ಗುಂಪಿಗೆ ಸೇರಿಸಿ ಬಿಟ್ಟರು! ಆಮೇಲೆ ‘ತಹಾಫುತುಲ್ ಫಲಾಸಿಫಾ’ ಬರೆದು ಇಪ್ಪತ್ತು ವಿಷಯಗಳಲ್ಲಿ ತತ್ವಜ್ಞಾನಿಗಳ ವಾದವನ್ನು ಪ್ರಶ್ನಿಸಿದರು. ಓದದೆ ಬೈಯುವುದು ಅವರ ಪದ್ಧತಿಯಾಗಿರಲಿಲ್ಲ. ಇಂದು ಎರಡು ಭಾಷಣ ಕೇಳಿ ‘ಫಿಲಾಸಫಿಯೆಲ್ಲ ಬುರುಡೆ’ ಎನ್ನುವವರು ಇದನ್ನು ಗಮನಿಸಬೇಕು.

ಹಾಗೆಂದು ಅವರು ಎಲ್ಲವನ್ನೂ ತಿರಸ್ಕರಿಸಲಿಲ್ಲ. ಗಣಿತವನ್ನೂ ತರ್ಕವನ್ನೂ ಅವರು ಒಪ್ಪಿದರು. ಗ್ರಹಣ ಹೇಗೆ ಸಂಭವಿಸುತ್ತದೆಂದು ಲೆಕ್ಕ ಹಾಕಿ ಹೇಳುವವನನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಧರ್ಮಕ್ಕೆ ಉಪಕಾರ ಮಾಡುವುದಿಲ್ಲ, ಅಪಕಾರವನ್ನೇ ಮಾಡುತ್ತಾನೆಂದು ಎಚ್ಚರಿಸಿದರು. ತಮ್ಮ ಕೊನೆಗಾಲದಲ್ಲಿ ಫಿಕ್ಹ್‌ನ ಮೂಲತತ್ವಗಳ ಕುರಿತು ಬರೆದ ‘ಅಲ್ ಮುಸ್ತಸ್ಫಾ’ ಎಂಬ ಗ್ರಂಥವನ್ನು ಅವರು ಆರಂಭಿಸಿದ್ದೇ ತರ್ಕಶಾಸ್ತ್ರದ ಪೀಠಿಕೆಯಿಂದ. ಬುದ್ಧಿಯ ಮೇಲೆ ಅವರಿಗೆ ಮುನಿಸಿರಲಿಲ್ಲ. ಬುದ್ಧಿಯೊಂದೇ ಮನುಷ್ಯನನ್ನು ದಡ ಸೇರಿಸುತ್ತದೆಂಬ ಹಮ್ಮನ್ನು ಅವರು ಒಪ್ಪಲಿಲ್ಲ, ಅಷ್ಟೆ. ಅವರ ಬಳಿಕ ಬಂದ ಇಬ್ನು ರುಶ್ದ್(ರ) ಅವರ ವಾದಗಳಿಗೆ ಒಂದೊಂದಾಗಿ ಉತ್ತರ ಬರೆದರು. ಇಬ್ಬರೂ ನಮ್ಮವರೇ. ಆ ಚರ್ಚೆ ಇಂದಿಗೂ ಮುಗಿದಿಲ್ಲ.

ಇನ್ನು ರಾಜಕೀಯದ ಕಡೆ ನೋಡಿ. 1092ರ ಅಕ್ಟೋಬರಿನಲ್ಲಿ ನಿಝಾಮುಲ್ ಮುಲ್ಕ್‌ನ ಕೊಲೆಯಾಯಿತು. ಮರು ತಿಂಗಳೇ ಸುಲ್ತಾನ್ ಮಲಿಕ್ ಶಾಹ್ ತೀರಿಕೊಂಡನು. ಸಿಂಹಾಸನಕ್ಕಾಗಿ ಮಕ್ಕಳು, ಚಿಕ್ಕಪ್ಪ ಎಲ್ಲರೂ ಬಡಿದಾಡಿದರು. ನಿನ್ನೆಯ ವರೆಗೆ ಕೈಕಟ್ಟಿ ನಿಂತವರು ಇಂದು ಇನ್ನೊಬ್ಬನ ಪಾಳೆಯದಲ್ಲಿದ್ದರು. ಗಝ್ಝಾಲಿಯವರು ಇದನ್ನೆಲ್ಲ ಹೊರಗೆ ನಿಂತು ನೋಡುತ್ತಿರಲಿಲ್ಲ, ಆಸ್ಥಾನದ ಒಳಗೇ ಇದ್ದರು. ಖಲೀಫರ ಬೇಡಿಕೆಯ ಮೇರೆಗೆ ವಿರೋಧಿ ಪಂಗಡವೊಂದರ ಖಂಡನೆಗೆ ಪುಸ್ತಕವನ್ನೂ ಬರೆದು ಕೊಟ್ಟಿದ್ದರು.

ಹೀಗೆ ಕೀರ್ತಿಯ ಶಿಖರದಲ್ಲಿದ್ದಾಗ, 1095ರ ಬೇಸಿಗೆಯಲ್ಲಿ, ಅವರು ತಮ್ಮನ್ನೇ ತಾವು ವಿಚಾರಿಸಿಕೊಂಡರು. ತಾನು ಪಾಠ ಹೇಳುತ್ತಿರುವುದು ಯಾರಿಗಾಗಿ? ಅಲ್ಲಾಹನ ಸಂಪ್ರೀತಿಗಾಗಿಯೋ, ಹೆಸರಿಗಾಗಿಯೋ? ಉತ್ತರ ಅವರಿಗೆ ಹಿತವಾಗಿರಲಿಲ್ಲ. ಹೆಸರು, ಸ್ಥಾನಮಾನ ಇವೇ ತನ್ನನ್ನು ಓಡಿಸುತ್ತಿವೆ ಎಂದು ಅವರಿಗೆ ಕಂಡಿತು. ‘ಅಲ್ ಮುನ್ಕಿಝ್’ ಎಂಬ ತಮ್ಮ ಆತ್ಮಕಥನದಲ್ಲಿ ಅವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಬೆಳಿಗ್ಗೆ ಹೊರಟು ಹೋಗಬೇಕೆಂದು ನಿರ್ಧರಿಸುವುದು, ಸಂಜೆಯಾಗುತ್ತಲೇ ಮನಸ್ಸು ಬದಲಾಗುವುದು, ಹೀಗೆ ಆರು ತಿಂಗಳು ಕಳೆಯಿತು. ಒಂದು ದಿನ ವಿದ್ಯಾರ್ಥಿಗಳ ಮುಂದೆ ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ನಾಲಗೆ ಕಟ್ಟಿ ಹೋಯಿತು. ಊಟ ಸೇರದಾಯಿತು. ಇದು ಮನಸ್ಸಿನಿಂದ ದೇಹಕ್ಕಿಳಿದ ರೋಗ, ನಮ್ಮ ಮದ್ದು ನಾಟದು ಎಂದು ವೈದ್ಯರು ಕೈ ಚೆಲ್ಲಿದರು. ಕೊನೆಗೆ ಆ ವರ್ಷದ ನವೆಂಬರಿನಲ್ಲಿ, ಮಕ್ಕಳ ಜೀವನಕ್ಕೆ ಬೇಕಾದಷ್ಟನ್ನು ಮಾತ್ರ ಉಳಿಸಿ ಉಳಿದುದನ್ನು ಹಂಚಿ, ಅವರು ಬಗ್ದಾದ್ ಬಿಟ್ಟರು.

ಯೋಚಿಸಿ ನೋಡಿ. ಅವರು ಬೇಸತ್ತದ್ದು ಎದುರಾಳಿಗಳ ಸುಳ್ಳಿನಿಂದ ಮಾತ್ರವಲ್ಲ. ತನ್ನ ಸತ್ಯವಾದ ಮಾತಿನೊಳಗೆ ಅಡಗಿದ್ದ ಆತ್ಮಪ್ರದರ್ಶನದಿಂದಲೂ ಬೇಸತ್ತರು. ನಮ್ಮ ಬೇಸರಕ್ಕೂ ಅವರ ಬೇಸರಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ನಾವು ‘ರಾಜಕಾರಣಿಗಳೆಲ್ಲ ಕಳ್ಳರು’ ಎಂದು ಹೇಳಿ ಎದ್ದು ಬರುತ್ತೇವೆ. ಹಾಗೆ ಹೇಳುವಾಗ ನಮ್ಮ ನಾಲಗೆಗೆ ಒಂದು ಸುಖವಿದೆ. ತಪ್ಪೆಲ್ಲ ಅವರದು, ನಾನು ಮಾತ್ರ ಶುದ್ಧ ಎಂಬ ಸುಖ. ಗಝ್ಝಾಲಿಯವರಿಗೆ ಆ ಸುಖ ಸಿಗಲಿಲ್ಲ.

ಡಮಾಸ್ಕಸ್‌ನ ದೊಡ್ಡ ಮಸೀದಿಯ ಮಿನಾರದಲ್ಲಿ ಬಾಗಿಲು ಹಾಕಿಕೊಂಡು ಅವರು ದಿನಗಟ್ಟಲೆ ಕುಳಿತರು. ಜೆರುಸಲೇಮಿಗೆ ಹೋದರು. ಹೆಬ್ರೋನ್‌ನಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಸಮಾಧಿಯ ಬಳಿ ಮೂರು ಪ್ರತಿಜ್ಞೆ ಮಾಡಿದರು. ಇನ್ನು ಮುಂದೆ ಸುಲ್ತಾನರ ಬಳಿಗೆ ಹೋಗಲಾರೆ, ಅವರ ಹಣ ಮುಟ್ಟಲಾರೆ, ಯಾರೊಂದಿಗೂ ವಾದಕ್ಕೆ ನಿಲ್ಲಲಾರೆ. ಹಜ್ಜ್ ಮಾಡಿದರು. ‘ಇಹ್ಯಾ ಉಲೂಮಿದ್ದೀನ್’ ಎಂಬ ಬೃಹತ್ ಗ್ರಂಥ ಈ ಕಾಲದ ಫಲ. ಅದನ್ನು ತೆರೆದು ನೋಡಿದರೆ ತತ್ವಜ್ಞಾನಿಗಳೊಂದಿಗಿನ ಜಗಳ ಕಾಣುವುದಿಲ್ಲ. ಊಟದ ಶಿಷ್ಟಾಚಾರ, ಮದುವೆ, ಸಂಪಾದನೆ, ನೆರೆಯವರ ಹಕ್ಕು, ನಾಲಗೆಯ ಕೇಡು, ಕೋಪ, ಅಸೂಯೆ, ಸಾವಿನ ಸ್ಮರಣೆ, ಇವು ಅದರ ಅಧ್ಯಾಯಗಳು. ವಾದದಿಂದ ಎದ್ದು ಬಂದ ಮನುಷ್ಯ ನೇರವಾಗಿ ಜನಸಾಮಾನ್ಯರ ಅಡುಗೆಮನೆಗೆ, ಅಂಗಡಿಗೆ ಬಂದು ಕುಳಿತಂತಿದೆ. ಒಳಿತನ್ನು ಆದೇಶಿಸುವ, ಕೆಡುಕನ್ನು ತಡೆಯುವ ಕರ್ತವ್ಯಕ್ಕೂ ಅದರಲ್ಲಿ ಒಂದು ಪೂರ್ಣ ಭಾಗ ಮೀಸಲಾಗಿದೆ. ಆಸ್ಥಾನದ ಹೊಸ್ತಿಲು ತುಳಿಯೆನೆಂದವರು ಈ ಕರ್ತವ್ಯವನ್ನು ಕೈಬಿಡಲಿಲ್ಲ ಎಂಬುದನ್ನು ಮರೆಯಬಾರದು.

ಏಕಾಂತಕ್ಕೂ ಒಂದು ಬೆಲೆ ಇರುತ್ತದೆ ಎಂಬುದನ್ನೂ ಹೇಳಬೇಕು. 1099ರಲ್ಲಿ ಶಿಲುಬೆ ಯೋಧರು ಜೆರುಸಲೇಮನ್ನು ವಶಪಡಿಸಿ ಜನರನ್ನು ಕಡಿದು ಹಾಕಿದರು. ಮೂರು ವರ್ಷಗಳ ಹಿಂದೆ ತಾನು ನಡೆದಾಡಿದ ಆ ನಗರದ ದುರಂತದ ಬಗ್ಗೆ ಗಝ್ಝಾಲಿಯವರ ಗ್ರಂಥಗಳಲ್ಲಿ ಏನೂ ಸಿಗುವುದಿಲ್ಲವೆಂದು ಟೀಕಿಸಿದವರಿದ್ದಾರೆ. ಆ ಟೀಕೆಯಲ್ಲಿ ತಿರುಳಿಲ್ಲವೆಂದು ತಳ್ಳಿ ಹಾಕುವುದು ಸುಲಭವಲ್ಲ. ಆದರೆ ಅವರು ಶಾಶ್ವತವಾಗಿ ಬಾಗಿಲು ಹಾಕಿಕೊಂಡಿರಲಿಲ್ಲ. ಹನ್ನೊಂದು ವರ್ಷಗಳ ಬಳಿಕ, 1106ರಲ್ಲಿ, ನೈಶಾಪುರದಲ್ಲಿ ಮತ್ತೆ ಪಾಠ ಹೇಳಲು ನಿಂತರು. ಮೊದಲು ತಾನು ಕಲಿಸಿದ್ದು ಸ್ಥಾನ ಗಳಿಸುವ ವಿದ್ಯೆ, ಈಗ ಕಲಿಸುವುದು ಸ್ಥಾನದ ಆಸೆ ಬಿಡುವ ವಿದ್ಯೆ ಎಂಬುದು ಅವರ ವಿವರಣೆಯ ಸಾರ. ಜನ ಒಂದೇ ಮದ್ರಸದ ಕೆಲಸವೆಂದು ಭಾವಿಸಿದರು, ಆದರೆ ಕುಳಿತ ಮನುಷ್ಯ ಬೇರೆಯಾಗಿದ್ದನು.

ರಾಜಕೀಯದಿಂದಲೇ ಬೆಂದು ಹೊರಬಂದವರೆಂದರೆ ಇಬ್ನು ಖಲ್ದೂನ್(ರ). 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಅವರು ಪ್ಲೇಗಿನಲ್ಲಿ ತಂದೆತಾಯಿಯನ್ನು ಕಳೆದುಕೊಂಡರು. ಟ್ಯೂನಿಸ್, ಫೆಝ್, ಗ್ರನಾಡಾ, ಬಿಜಾಯಾ ಎಂದು ಒಂದೊಂದು ಆಸ್ಥಾನದಲ್ಲೂ ದುಡಿದರು. ಫೆಝ್‌ನಲ್ಲಿ ಸುಮಾರು ಎರಡು ವರ್ಷ ಜೈಲಿನಲ್ಲಿದ್ದರು. ಆಸ್ಥಾನಗಳ ಸಂಚು, ಪ್ರತಿಸಂಚುಗಳನ್ನು ಕಂಡು ಕಂಡು ರೋಸಿ, 1375ರಲ್ಲಿ ಇಂದಿನ ಅಲ್ಜೀರಿಯಾದ ಒಂದು ಕೋಟೆಗೆ ಕುಟುಂಬ ಸಮೇತ ಸರಿದರು. ಅಲ್ಲಿ ಕುಳಿತು ಆಸ್ಥಾನದವರನ್ನು ಶಪಿಸಿದರೇ? ಇಲ್ಲ. ರಾಜ್ಯಗಳು ಏಕೆ ಏಳುತ್ತವೆ, ಏಕೆ ಬೀಳುತ್ತವೆ ಎಂದು ಯೋಚಿಸಿ 1377ರಲ್ಲಿ ಐದೇ ತಿಂಗಳಲ್ಲಿ ‘ಮುಕದ್ದಿಮಾ’ ಬರೆದರು. ಆಮೇಲೆ ಕೈರೋಗೆ ಹೋಗಿ 1384ರಲ್ಲಿ ಕಾಝಿಯ ಹುದ್ದೆ ವಹಿಸಿಕೊಂಡರು. ಪ್ರಭಾವಶಾಲಿಗಳ ಶಿಫಾರಸುಗಳಿಗೆ ಮಣಿಯದ್ದರಿಂದ ಮರು ವರ್ಷವೇ ಆ ಹುದ್ದೆ ಹೋಯಿತು. ಅದೇ ಅವಧಿಯಲ್ಲಿ ಅವರ ಕುಟುಂಬವನ್ನು ಹೊತ್ತು ಬರುತ್ತಿದ್ದ ಹಡಗು ಮುಳುಗಿತು. ಆದರೂ ಮುಂದೆ ಕರೆ ಬಂದಾಗಲೆಲ್ಲ ನ್ಯಾಯಪೀಠಕ್ಕೆ ಮರಳಿದರು. 1406ರಲ್ಲಿ ಮರಣ ಹೊಂದಿದಾಗಲೂ ಅವರು ಅದೇ ಹುದ್ದೆಯಲ್ಲಿದ್ದರು.

ಈಗ ನಮ್ಮ ಕಡೆಗೆ ಬರೋಣ. ನಮಗೆ ಸಾಕಾಗಿರುವ ರಾಜಕೀಯ ಯಾವುದು? ಪ್ರಾಮಾಣಿಕವಾಗಿ ನೋಡಿದರೆ ಅದು ಕ್ರಿಕೆಟ್ ನೋಡುವಂತಹ ರಾಜಕೀಯ. ಯಾವ ಕ್ಷೇತ್ರದಲ್ಲಿ ಯಾವ ಜಾತಿಯ ಮತ ಎಷ್ಟು, ಯಾರು ಯಾರ ಗುಂಪು, ಮುಂದಿನ ಮುಖ್ಯಮಂತ್ರಿ ಯಾರು ಎಂಬುದೆಲ್ಲ ನಮಗೆ ಬಾಯಿಪಾಠ. ಪಕ್ಕದ ಬೀದಿಯ ವಿಧವೆಗೆ ಪಿಂಚಣಿ ಬರುತ್ತಿದೆಯೇ, ಎದುರು ಮನೆಯ ಅಜ್ಜನ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ಕೇಳಿದರೆ ಗೊತ್ತಿಲ್ಲ. ಟಿ.ವಿ.ಯ ಚರ್ಚೆ, ಮೊಬೈಲಿನ ಗುಂಪುಗಳು ನಮಗೆ ನೋಡುವ ಕೆಲಸ ಕೊಟ್ಟವು. ನೋಡಿ ನೋಡಿ ಕಣ್ಣು ಸೋತಿದೆ. ಕೈ ಇನ್ನೂ ಕೆಲಸವನ್ನೇ ಆರಂಭಿಸಿಲ್ಲ. ಕೆಲಸ ಮಾಡದ ಕೈಗೆ ದಣಿವೆಲ್ಲಿಯದು?

ಕರ್ನಾಟಕದಲ್ಲಿ ರಾಜಕೀಯವನ್ನು ಕೈಕೆಲಸವನ್ನಾಗಿ ಮಾಡಿಕೊಂಡವರೂ ಇದ್ದರು. ಗುಂಡ್ಲುಪೇಟೆಯ ಅಬ್ದುಲ್ ನಝೀರ್ ಸಾಬ್ ಅವರನ್ನು ಹಿರಿಯ ಓದುಗರು ಮರೆತಿರಲಾರರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾದ ಅವರು, ಬರಗಾಲದ ಹಳ್ಳಿಗಳಲ್ಲಿ ಕೊಳವೆ ಬಾವಿ ಕೊರೆಸಿ ಕುಡಿಯುವ ನೀರು ಒದಗಿಸಿದರು. ಜನ ಅವರಿಗೆ ‘ನೀರ್ ಸಾಬ್’ ಎಂದೇ ಹೆಸರಿಟ್ಟರು. ಅಧಿಕಾರವನ್ನು ವಿಧಾನಸೌಧದಿಂದ ಹಳ್ಳಿಗೆ ಇಳಿಸುವ ಕಾನೂನಿಗಾಗಿ ಅವರು ಪಟ್ಟುಹಿಡಿದು ದುಡಿದರು. 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು, ಶೇಕಡಾ 25ರಷ್ಟು ಸ್ಥಾನ ಮಹಿಳೆಯರಿಗೆ ಸಿಕ್ಕಿತು. ಮರು ವರ್ಷ, 1988ರಲ್ಲಿ, ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕಾಲದ ರಾಜಕೀಯವೇನೂ ಹಾಲಿನಿಂದ ತೊಳೆದದ್ದಾಗಿರಲಿಲ್ಲ. ಪಕ್ಷಾಂತರ, ಗುಂಪುಗಾರಿಕೆ ಎಲ್ಲ ಆಗಲೂ ಇತ್ತು. ಬಾಯಾರಿದ ಹೆಂಗಸಿಗೆ ಕೊಡ ಹೊತ್ತು ನಡೆಯುವ ದಾರಿ ಕಡಿಮೆಯಾಗಬೇಕೆಂಬ ಚಿಂತೆಯಿದ್ದವರಿಗೆ ಅದನ್ನು ನೋಡಿ ಬೇಸರಪಡಲು ಬಿಡುವಿರಲಿಲ್ಲ.

ಪ್ರವಾದಿವರ್ಯರ(ಸ) ಯೌವನದ ಒಂದು ಘಟನೆ ನೆನಪಿಸಿಕೊಳ್ಳಿ. ಯಮನ್‌ನ ಕಡೆಯ ವ್ಯಾಪಾರಿಯೊಬ್ಬ ಮಕ್ಕಾಕ್ಕೆ ಬಂದು ಸರಕು ಮಾರಿದನು. ಕೊಂಡ ಪ್ರಮುಖನು ಹಣ ಕೊಡಲಿಲ್ಲ. ಪರವೂರಿನವನ ಗೋಳು ಕೇಳುವವರಿಲ್ಲದಾದಾಗ ಕೆಲವರು ಅಬ್ದುಲ್ಲಾ ಇಬ್ನು ಜುದ್‌ಆನ್‌ನ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಇರಲಿ, ಅವನ ಹಕ್ಕು ಸಿಗುವ ವರೆಗೆ ಜೊತೆ ನಿಲ್ಲುತ್ತೇವೆಂದು ಕರಾರು ಮಾಡಿಕೊಂಡರು. ‘ಹಿಲ್ಫುಲ್ ಫುದೂಲ್’ ಎಂಬ ಆ ಒಪ್ಪಂದದಲ್ಲಿ ಪ್ರವಾದಿವರ್ಯರೂ(ಸ) ಇದ್ದರು. ಅಲ್ಲಿದ್ದ ಉಳಿದವರು ವಿಗ್ರಹಾರಾಧಕರಾಗಿದ್ದರು. ಪ್ರವಾದಿತ್ವ ಲಭಿಸಿ ವರ್ಷಗಳು ಕಳೆದ ಬಳಿಕವೂ, ಅಂತಹ ಕರಾರಿಗೆ ಈಗ ಕರೆದರೂ ತಾನು ಹೋಗುವೆನೆಂದು ಅವರು ಹೇಳುತ್ತಿದ್ದರು. ಮಕ್ಕಾದ ಮುಖಂಡರ ರಾಜಕೀಯದಲ್ಲಿ ಅವರಿಗೆ ಆಸಕ್ತಿ ಇತ್ತೇ? ಇರಲಿಲ್ಲ. ವ್ಯಾಪಾರಿಯ ಬಾಕಿ ಹಣದಲ್ಲಿ ಇತ್ತು. ಜನರೊಂದಿಗೆ ಬೆರೆತು ಅವರಿಂದಾಗುವ ನೋವನ್ನು ಸಹಿಸುವ ಸತ್ಯವಿಶ್ವಾಸಿಯು, ಬೆರೆಯದೆ ದೂರವಿರುವವನಿಗಿಂತ ಉತ್ತಮನೆಂದು ಕಲಿಸಿದವರೂ ಅವರೇ.

ತತ್ವಶಾಸ್ತ್ರದ ಬೇಸರದ ಬಗ್ಗೆ ತಂದೆತಾಯಿಗಳಿಗೆ ಒಂದು ಮಾತು ಹೇಳಬೇಕಾಗಿದೆ. ಕಾಲೇಜಿಗೆ ಹೋಗುವ ಮಗ ಅಥವಾ ಮಗಳು ‘ಅಲ್ಲಾಹನು ಇದ್ದಾನೆಂದು ಹೇಗೆ ಗೊತ್ತು?’ ಎಂದು ಕೇಳಿದಾಗ ನಮ್ಮ ಅನೇಕ ಮನೆಗಳಲ್ಲಿ ಸಿಗುವ ಉತ್ತರ ‘ತೌಬಾ, ತೌಬಾ!’ ಎಂಬುದು. ಮಗು ಬಾಯಿ ಮುಚ್ಚುತ್ತದೆ, ಪ್ರಶ್ನೆ ಮುಚ್ಚುವುದಿಲ್ಲ. ಅದು ಪುಸ್ತಕಗಳ ಕಡೆಗೆ ಹೋಗುತ್ತದೆ, ಅಲ್ಲಿ ಒಂದು ವಾದವನ್ನು ಇನ್ನೊಂದು ವಾದ ಕೆಡವುವುದನ್ನು ಕಂಡು ಕೊನೆಗೆ ಎಲ್ಲದರ ಮೇಲೂ ಜಿಗುಪ್ಸೆ ಹುಟ್ಟುತ್ತದೆ. ಆ ಜಿಗುಪ್ಸೆಯನ್ನು ‘ಹುಡುಗ ಸರಿದಾರಿಗೆ ಬಂದ’ ಎಂದು ತಿಳಿದು ಸಂತೋಷಪಡಬೇಡಿ. ಯಾವ ಮಾತಿನಲ್ಲೂ ನಂಬಿಕೆಯಿಲ್ಲದವನು ನಿಮ್ಮ ಮಾತನ್ನೂ ನಂಬಲಾರ.

ಗಝ್ಝಾಲಿಯವರಿಗೂ ಒಮ್ಮೆ ಹೀಗಾಗಿತ್ತು. ಕಣ್ಣು ಮೋಸ ಮಾಡುತ್ತದೆ, ದೂರದ ನಕ್ಷತ್ರ ನಾಣ್ಯದಷ್ಟು ಕಾಣುತ್ತದೆ. ಹಾಗಾದರೆ ಬುದ್ಧಿಯೂ ಮೋಸ ಮಾಡುತ್ತಿಲ್ಲವೆಂದು ಹೇಗೆ ನಂಬಲಿ? ಈ ಸಂಶಯ ಸುಮಾರು ಎರಡು ತಿಂಗಳು ಅವರನ್ನು ಹಿಂಡಿತು. ಅದರಿಂದ ಹೊರಬಂದದ್ದು ಯಾವುದೋ ವಾದವನ್ನು ಗೆದ್ದುದರಿಂದಲ್ಲ, ಅಲ್ಲಾಹನು ತನ್ನ ಎದೆಯಲ್ಲಿ ಹಾಕಿದ ಒಂದು ಬೆಳಕಿನಿಂದ ಎಂದು ಅವರು ಹೇಳುತ್ತಾರೆ. ಆ ಬೆಳಕನ್ನು ನಾವು ಮಕ್ಕಳಿಗೆ ಕೊಡಲಾರೆವು. ಆದರೆ ಅದು ಬರುವ ವರೆಗೆ ಅವರ ಜೊತೆ ಕುಳಿತುಕೊಳ್ಳಬಲ್ಲೆವು. ಒಂಟೆಯನ್ನು, ಆಕಾಶವನ್ನು, ಪರ್ವತವನ್ನು, ನೆಲವನ್ನು ನೋಡಿ ಯೋಚಿಸಿರೆಂದು ಕುರ್‌ಆನ್ ಹೇಳುತ್ತದೆ. ಯೋಚಿಸುವುದು ಅಪರಾಧವಾಗಿದ್ದರೆ ಈ ಕರೆ ಏಕೆ ಬರಬೇಕಿತ್ತು? ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ ಮಗಾ, ಕೇಳಿ ತಿಳಿಯೋಣ’ ಎನ್ನುವುದರಿಂದ ತಂದೆಯ ಗೌರವಕ್ಕೆ ಕುಂದಿಲ್ಲ.

ಇನ್ನು, ಬೇಸತ್ತು ಕುಳಿತಿರುವ ಯುವಕ ಓದುಗನಿಗೆ: ಚರ್ಚೆಗೆ ಹೋಗಬೇಡ. ಟಿ.ವಿ. ಆರಿಸು. ಮೊಬೈಲಿನ ಆ ಗುಂಪಿನಿಂದ ಹೊರಗೆ ಬಾ, ಯಾರೂ ನಿನ್ನನ್ನು ಹೇಡಿ ಎನ್ನುವುದಿಲ್ಲ. ಅಂದರೂ ಅನ್ನಲಿ. ಆದರೆ ಬರುವ ಶುಕ್ರವಾರ ಜುಮಾ ಮುಗಿದ ಬಳಿಕ ಮಸೀದಿಯ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ನಿಲ್ಲು. ಕೋಲು ಹಿಡಿದು ಇಳಿಯುವ ಹಿರಿಯರಲ್ಲಿ ಒಬ್ಬರನ್ನು, ‘ಚಾಚಾ, ಸಂಧ್ಯಾ ಸುರಕ್ಷಾ ಹಣ ಬರುತ್ತಿದೆಯಾ?’ ಎಂದು ಕೇಳು. ಬರುತ್ತಿಲ್ಲವೆಂದಾದರೆ ಸೋಮವಾರ ಅವರ ಆಧಾರ್, ರೇಷನ್ ಕಾರ್ಡ್, ಬ್ಯಾಂಕಿನ ಪುಸ್ತಕ ತೆಗೆದುಕೊಂಡು ಅವರನ್ನು ನಿನ್ನ ಸ್ಕೂಟರಿನಲ್ಲಿ ಕೂರಿಸಿ ನಾಡಕಚೇರಿಗೆ ಕರೆದುಕೊಂಡು ಹೋಗು. ಅಲ್ಲಿ ಸಾಲು ಉದ್ದ ಇರುತ್ತದೆ. ಸಹೋದರಿಯರೂ ನೆರೆಮನೆಯ ಹೆಂಗಸರ ಕಾಗದಪತ್ರಗಳನ್ನು ಹೀಗೆಯೇ ನೋಡಿ ಕೊಡಬಹುದು, ಅವರ ಮುಂದೆ ಹೆಂಗಸರು ಹೇಳಿಕೊಳ್ಳುವಷ್ಟು ನಮ್ಮ ಮುಂದೆ ಹೇಳುವುದಿಲ್ಲ. ಕಚೇರಿಯವರು ಮೊದಲ ದಿನವೇ ಕೆಲಸ ಮಾಡಿ ಕೊಡುವುದು ಅಪರೂಪ. ಮರುದಿನ ಊಟದ ಸಮಯಕ್ಕೆ ಮೊದಲೇ ಹೋಗಬೇಕು.